ಬಲಗಿವಿ

ಕುಣಿಯೋ ಹಾಡು ಎಲ್ಲಾರಿಗೂ ಗೊತ್ತದ.
ಸ್ಟೇಷನ್ ಬಜಾರದ ಆಟೋದಾಗ ಬರ್ತದ,
ಹೈಸ್ಕೂಲ್ ಹುಡುಗ್ಯಾರು ಗ್ಯಾದರಿಂಗಿಗೆ
ಬೆಳ್ಳಿಬಣ್ಣದ ಸ್ಕರ್ಟ್ ಹೊಲಿಸ್ಕೊಂಡು ಕುಣೀತಾರ,
ಗೌಸಿಯಾನ ಮೂರು ವರ್ಷದ ಅಳಿಯ ಸೈತ
ಎರಡು ಬೆರಳು ಕೂಡಿಸಿ ಹೃದಯ ಮಾಡಿ ತೋರಿಸ್ತಾನ.

ನಾ ಹೇಳೋದು ಅದಲ್ಲ.
ಅದೇ ನಾಲ್ವರದು, ಅದೇ ಆಲ್ಬಮ್ಮಿನ ಕಡೀದು, ಒಂಬತ್ತನೇದು.
ಅದಕ್ಕ ವಿಡಿಯೋ ಇಲ್ಲ, ಕುಣಿತ ಇಲ್ಲ.
"ಮಲಗೋ ಹಾಡದು, ಮುಂದಕ್ಕ ಹಾಕು" ಅಂತಾಳ ಗೌಸಿಯಾ.
ಎಂಟು ಮುಗಿದ ಮ್ಯಾಲ ಎಲ್ಲಾರೂ ಹೊಳ್ಳಿ ಒಂದಕ್ಕ ಹೋಗ್ತಾರ,
ಮಜ್ಜಿಗಿ ಬರೂದರಾಗ ಪಂಕ್ತಿಯಿಂದ ಎದ್ದವರ ಹಂಗ.

ಕೋರ್ಟಿನ ಎದುರು ಝೆರಾಕ್ಸ್ ಅಂಗಡ್ಯಾಗ ನನ್ನ ಕೆಲಸ.
ಹಗಲೆಲ್ಲ ಪಹಣಿ, ಆಧಾರ್, ವಕಾಲತ್ತು.
ಮುಚ್ಚಳದ ಕೆಳಗ ಬೆಳಕು ಎಡದಿಂದ ಬಲಕ್ಕ ಹೋಗ್ತದ,
ಯಾರದೋ ಜಗಳದ ಎರಡನೇ ಪ್ರತಿ ಬಿಸಿಬಿಸಿ ಬರ್ತದ.
ಎಡಗಿವಿ ಹಾಡಿಗೆ, ಬಲಗಿವಿ ಗಿರಾಕಿಗೆ.
ಹಂಗೂ ಇಯರ್‌ಫೋನಿನ ಬಲಗಡೀದು ಸತ್ತು
ನಾಕು ತಿಂಗಳಾಗಿತ್ತು.

ಕೊರಿಯನ್ ನಂಗ ಬರಂಗಿಲ್ಲ.
ಆದ್ರ ಅವರಿಗೂ 'ನಾ' ಅಂದ್ರ ನಾನಾ,
'ನೀ' ಅಂದ್ರ ನೀನಾ ಅಂತ ಗೊತ್ತಾದ ದಿನ
ಚಿಲ್ಲರ ಎಣಿಸಿದಂಗ ಎಣಿಸಿದೆ.
'ನಾ' ಹನ್ನೊಂದು ಸಲ.
'ನೀ' ಒಂದ ಸಲ,
ಅದೂ ಕಡೀಗೆ,
ಬಸ್ ಬಿಟ್ಟ ಮ್ಯಾಲ ನೆನಪಾದ ಚೀಲದ ಹಂಗ.
ಉಳಿದದ್ದರ ಅರ್ಥ ತೆಗೆದು ನೋಡಿದೆ:
ಚಳಿ, ಕಿಟಕಿ, ಹೋಗಿಬಿಟ್ಟ ಕಡೀ ಗಾಡಿ.
ಮೇ ತಿಂಗಳ ಕಲಬುರಗ್ಯಾಗ ಚಳಿ ಅಂದ್ರ
ಯಾರೋ ಹೇಳಿದ ಕತಿ, ಅಷ್ಟ.

ನಾಲ್ವರಾಗ ಮೂರನೇದಾಕಿ ಒಬ್ಬಾಕಿ ಇದ್ದಾಳ.
ಕುಣಿಯೋ ಹಾಡಿನ್ಯಾಗ ಆಕಿಗೆ ಬರೇ "ಹೇ" ಕೊಡ್ತಾರ,
ಫೋಟೋದಾಗ ಅಂಚಿಗೆ ನಿಂದ್ರಸ್ತಾರ.
ಇದರಾಗ ಎರಡು ಸಾಲು ಕೊಟ್ಟಾರ.
ಸಾಲಿನ ಮೊದಲ ಆಕಿ ಉಸಿರು ತಗೊಳ್ಳೋದು ಕೇಳಿಸ್ತದ.
ಅಳಿಸಬೇಕಿತ್ತು, ಯಾರೋ ಬಿಟ್ಟಾರ.
ಬಿಟ್ಟ ಆ ಕೈಗೆ ಶರಣು.
ಮುಂದ, ಏರಬೇಕಾದಲ್ಲಿ, ಹಾಡು ಏರಂಗಿಲ್ಲ.
ಉಳಿದ ಹಾಡೆಲ್ಲ ಅಲ್ಲಿ ಎದಿ ಬಡ್ಕೊಳ್ತಾವ,
ಇದು ದನಿ ಇಳಿಸ್ತದ,
ಒಳಗ ಯಾರೋ ಮಲಗ್ಯಾರ ಅಂಬಂಗ.

ಮೊನ್ನೆ ಸೂಪರ್ ಮಾರ್ಕೆಟ್‌ನ್ಯಾಗ
ನೂರಾ ಇಪ್ಪತ್ತು ರೂಪಾಯಿಗೆ ಹೊಸಾದು ತಗೊಂಡೆ.
ಮಧ್ಯಾಹ್ನ ಕರೆಂಟ್ ಹೋತು, ಮಷಿನ್ ಸುಮ್ಮಕಾತು,
ಎರಡೂ ಕಿವಿಗೆ ಹಾಕ್ಕೊಂಡೆ.

ಬಲಗಡಿ ಆಕಿ ಇದ್ದಳು.
ಮೊದಲಿಂದ.
ಬ್ಯಾರೇದವರು ಹಾಡೂ ಮುಂದ ಅವರ ಹಿಂದ,
ಮಾತಿಲ್ಲದ, ಬರೇ ಹೂಂಗುಟ್ಕೋತ,
ಒಂದು ಮೆಟ್ಟಲ ಕೆಳಗ.
ಎರಡು ಸಾಲು ಅಲ್ಲ, ಹಾಡೆಲ್ಲಾ ಆಕಿ ಹೊತ್ಕೊಂಡಿದ್ದಳು.
ನಾಕು ತಿಂಗಳು ನಾ
ಅರ್ಧ ಹಾಡಿಗೆ ಅತ್ತಿದ್ದೆ.

ಯಾರಿಗರ ಕೇಳಿಸಬೇಕಲ್ಲ.
ಬೇವಿನ ಗಿಡದ ಕೆಳಗ ಟೈಪ್ ಹೊಡಿಯೋ ಮಾಣಿಕರಾವ್ ಕಾಕಾ
ಬಾಂಡ್ ಪೇಪರ್ ಹಿಡ್ಕೊಂಡು ಬಂದ್ರು, ಕರೆಂಟಿಗೆ ಕಾಯ್ತಾ ಕುಂತ್ರು.
ಕೊಟ್ಟೆ. ಹಾಡು ಮುಗಿಯೂ ತನಕ
ಬೆರಳು ಮೊಣಕಾಲ ಮ್ಯಾಲ ಅಲ್ಲಾಡಲಿಲ್ಲ.
"ಚಲೋ ಅದ. ಖರೇ, ಮುಗಿದಿಲ್ಲಲ್ಲವ್ವ,
ಕಡೀ ಸಾಲಿಗೆ ಫುಲ್‌ಸ್ಟಾಪ್ ಇಲ್ಲ."

ಹೌದು. ಪಿಯಾನೊ ಒಂದು ಮನಿ ಈಚೆಗೇ ನಿಂದ್ರತದ.
ಫೈಲ್ ಕೆಟ್ಟದ ಅಂತ ನಾ ಮೂರು ಸಲ ಇಳಿಸ್ಕೊಂಡಿದ್ದೆ.
"ಅದು ಇರೋದಾ ಹಂಗ, ಕಾಕಾ."
"ಹಂಗಿದ್ರ ಬರ್ದವರಿಗೆ ಧೈರ್ಯ ಅದ" ಅಂದ್ರು,
ಬಾಂಡ್ ಪೇಪರ್‌ಲೆ ಗಾಳಿ ಬೀಸ್ಕೋತ.

ಸಂಜೀಕ ಷಟರ್ ಎಳಿಯಾಕ ಗೌಸಿಯಾ ಬಂದಳು.
"ಒಂಬತ್ತನೇದಾ? ಬ್ಯಾಡ, ನಿದ್ದಿ ಬರ್ತದ."
ನಾ ಏನೂ ಅನ್ನಲಿಲ್ಲ,
ಬಲಗಡೀದು ಅಷ್ಟ ಆಕಿ ಕಿವ್ಯಾಗ ಇಟ್ಟೆ.
"ಇದರಾಗ ಹಾಡು ಎಲ್ಲದ?
ಬರೇ ಹೂಂ ಹೂಂ ಅದ" ಅಂದಳು.
ತಗೀಲಿಲ್ಲ ಮಾತ್ರ.